ಸೆರೆಮನೆಯ ಅನ್ನವೂ ಮಕ್ಕಳ ನಾಲಗೆಯೂ

ಮೊನ್ನೆ ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ರಾತ್ರಿಯ ಊಟಕ್ಕೆ ಕುಳಿತವಳು, ತಟ್ಟೆಯಲ್ಲಿದ್ದ ಹುರುಳಿಕಾಯಿಯ ಪಲ್ಯವನ್ನು ಬೆರಳ ತುದಿಯಿಂದ ಬದಿಗೆ ಸರಿಸಿ, "ನಾರ್ವೆಯ ಜೈಲಿನಲ್ಲಿ ಇದಕ್ಕಿಂತ ಚೆನ್ನಾಗಿ ಊಟ ಹಾಕುತ್ತಾರೆ, ಅಲ್ಲಿಗೆ ಬೇಕಾದರೆ ಹೋಗಬಹುದು, ಅಮೆರಿಕಾದ ಜೈಲಿಗೆ ಮಾತ್ರ ಹೋಗಬಾರದು" ಎಂದಳು. ಆ ಮಾತಿನಲ್ಲಿ ತುಂಟತನವಿರಲಿಲ್ಲ. ಕಲಿತ ಪಾಠವೊಂದನ್ನು ಗುರುಗಳ ಮುಂದೆ ಒಪ್ಪಿಸುವ ವಿದ್ಯಾರ್ಥಿನಿಯ ಗಾಂಭೀರ್ಯವಿತ್ತು. ವಿಚಾರಿಸಲಾಗಿ, ಆ ಪಾಠ ಅವಳಿಗೆ ಬಂದದ್ದು ಈಚೆಗೆ ಬಹು ಜನಪ್ರಿಯವಾಗಿರುವ ಒಂದು ಬಗೆಯ ವಿಡಿಯೋದಿಂದ ಎಂದು ತಿಳಿಯಿತು. ಮಕ್ಕಳನ್ನು ಮೇಜಿನ ಮುಂದೆ ಕುಳ್ಳಿರಿಸಿ, ದೇಶದೇಶಗಳ ಕಾರಾಗೃಹಗಳಲ್ಲಿ ಬಂದಿಗಳಿಗೆ ಕೊಡುವ ಊಟವಿದು ಎಂದು ಹೇಳಿ ಒಂದಾದ ಮೇಲೊಂದು ತಟ್ಟೆಯನ್ನು ಮುಂದಿಟ್ಟು, ಅವರು ಮೂಸಿ, ಕಚ್ಚಿ, ಮುಖ ಕಿವುಚಿ ಅಥವಾ ಅರಳಿಸಿ, ಚೆನ್ನಾಗಿದೆ ಚೆನ್ನಾಗಿಲ್ಲವೆಂದು ತೀರ್ಪು ಕೊಡುವುದನ್ನು ಚಿತ್ರಿಸಿ ಲೋಕಕ್ಕೆ ತೋರಿಸುವುದು ಈ ಬಗೆಯ ವಿಡಿಯೋಗಳ ಕ್ರಮ.

ಇದನ್ನು ಮೆಚ್ಚುವವರು ಅನೇಕರಿದ್ದಾರೆ; ಅವರಲ್ಲಿ ಉಪಾಧ್ಯಾಯರುಂಟು, ವಿದ್ಯಾವಂತರಾದ ತಂದೆತಾಯಿಗಳುಂಟು, ನಾನು ಗೌರವಿಸುವ ಮಿತ್ರರೂ ಉಂಟು. ಅವರ ವಾದವನ್ನು ಅವರಿಗೆ ಅನ್ಯಾಯವಾಗದಂತೆ ನಿರೂಪಿಸುವುದಾದರೆ ಅದು ಹೀಗಿದೆ: ಮಕ್ಕಳ ಪಾಲಿಗೆ ಕಾರಾಗೃಹವೆಂಬುದು ಕಥೆಯೊಳಗಿನ ಮಾತು, ಉಪನ್ಯಾಸದಿಂದ ಮನಸ್ಸಿಗೆ ಇಳಿಯದ ಸಂಗತಿ ನಾಲಗೆಯ ಮೂಲಕ ಇಳಿಯುತ್ತದೆ, ಒಂದು ತುತ್ತನ್ನು ತಿಂದ ಮಗು ಆ ತುತ್ತನ್ನು ದಿನದಿನವೂ ತಿನ್ನಬೇಕಾದವನನ್ನು ನೆನೆಯುತ್ತದೆ, ಆ ನೆನಪೇ ಅನುಕಂಪದ ಬೀಜ, ಜೊತೆಗೆ ಯಾವ ರಾಷ್ಟ್ರ ತನ್ನ ಬಂದಿಗಳನ್ನು ಹೇಗೆ ನಡೆಸಿಕೊಳ್ಳುತ್ತದೆಂಬ ಲೋಕಜ್ಞಾನವೂ ಅನಾಯಾಸವಾಗಿ ಲಭಿಸುತ್ತದೆ. ಇವರ ಉದ್ದೇಶಶುದ್ಧಿಯನ್ನು ನಾನು ಶಂಕಿಸುವವನಲ್ಲ. ಆದರೆ ಈ ಅಭಿಪ್ರಾಯ ಬುಡದಲ್ಲಿಯೇ ತಪ್ಪಿದೆಯೆಂದು ನನ್ನ ದೃಢವಾದ ನಂಬಿಕೆ. ಸೆರೆಮನೆಯ ಅನ್ನವನ್ನು ಸೆರೆಮನೆಯ ಅನ್ನವನ್ನಾಗಿ ಮಾಡುವ ಗುಣ ಯಾವುದೋ ಅದು ರುಚಿಗೆ ಸಿಕ್ಕತಕ್ಕದ್ದೇ ಅಲ್ಲ. ರುಚಿಯೊಂದನ್ನೇ ಕೇಳಿ, ರುಚಿಯೊಂದನ್ನೇ ಅಳೆದು, ಅದೇ ತಿಳಿವಳಿಕೆಯೆಂದು ಮಕ್ಕಳಿಗೆ ಉಣಿಸುವವರು ಅವರ ಅಜ್ಞಾನವನ್ನು ಕಳೆಯುತ್ತಿಲ್ಲ, ಅದಕ್ಕೆ ಜ್ಞಾನದ ಹೆಸರು ಕೊಡುತ್ತಿದ್ದಾರೆ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಉಡುವುದರಲ್ಲಿ, ತೊಡುವುದರಲ್ಲಿ ಮನುಷ್ಯ ನಾಲ್ಕು ಜನರ ಕಣ್ಣಿಗೆ ಅಧೀನನಾದರೂ ಉಣ್ಣುವುದರಲ್ಲಿ ತನಗೆ ತಾನೇ ಒಡೆಯನೆಂಬುದು ಅದರ ತಾತ್ಪರ್ಯ. ಕಡುಬಡವನಿಗೂ ಈ ಒಡೆತನದ ಒಂದು ಎಳೆ ಉಳಿದಿರುತ್ತದೆ: ಈಗ ಉಣ್ಣಲೋ ಇನ್ನೊಂದು ಗಳಿಗೆ ತಡೆಯಲೋ, ಉಪ್ಪನ್ನು ಒಂದು ಚಿಟಿಕೆ ಹೆಚ್ಚಿಸಲೋ, ತನ್ನ ಪಾಲಿನ ಅರ್ಧವನ್ನು ಮಗುವಿಗೆ ಸರಿಸಲೋ ಎಂಬಷ್ಟನ್ನಾದರೂ ಅವನು ತಾನೇ ನಿರ್ಧರಿಸುತ್ತಾನೆ. ಕಾರಾಗೃಹ ಮೊದಲು ಕಿತ್ತುಕೊಳ್ಳುವುದು ಈ ಎಳೆಯನ್ನು. ನಮ್ಮ ದೇಶದ ಜೈಲುಗಳಲ್ಲಿ ಸಂಜೆ ಕತ್ತಲಾಗುವ ಮುನ್ನವೇ ತಲೆಯೆಣಿಕೆ ಮುಗಿಸಿ ಬ್ಯಾರಕ್ಕುಗಳಿಗೆ ಬೀಗ ಹಾಕುವುದು ಪದ್ಧತಿ. ಆದ್ದರಿಂದ ರಾತ್ರಿಯ ಊಟವನ್ನು ಬಿಸಿಲಿರುವಾಗಲೇ ಹಂಚಿಬಿಡುತ್ತಾರೆ. ಆಗಲೇ ಉಣ್ಣುವವನು ಮರುದಿನ ಬೆಳಗಿನವರೆಗೆ ಹಸಿದಿರಬೇಕು. ರಾತ್ರಿಗೆಂದು ಎತ್ತಿಡುವವನು ತಣ್ಣಗಾಗಿ ಹೆಪ್ಪುಗಟ್ಟಿದ್ದನ್ನು ಉಣ್ಣಬೇಕು. ಆ ಅನ್ನ ಬಡಿಸುವಾಗ ರುಚಿಯಾಗಿಯೇ ಇದ್ದಿರಬಹುದು. ಇನ್ನು ಬಡಿಸುವ ಕೈಯ ಮಾತು. ನಮ್ಮ ಕಡೆ ಊಟವೆಂದರೆ ಉಪಚಾರ. ಸಾಕೆಂದವನಿಗೆ ಇನ್ನೊಂದು ತುತ್ತು ಎಂದು ಒತ್ತಾಯಿಸುವ ದನಿಯಿಲ್ಲದೆ ಉಂಡ ಮೃಷ್ಟಾನ್ನವೂ ಹೊಟ್ಟೆಗೆ ಹತ್ತುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಸಾಲಿನಲ್ಲಿ ನಿಂತು, ಸಂಖ್ಯೆಯಾಗಿ ಎಣಿಸಿಕೊಂಡು, ಅಳತೆಯ ಸವಟಿನಿಂದ ಸುರಿಸಿಕೊಂಡ ಅನ್ನದಲ್ಲಿ ಇಲ್ಲದಿರುವುದು ಉಪ್ಪೋ ಖಾರವೋ ಅಲ್ಲ. ಆ ಕೊರತೆಯನ್ನು ಯಾವ ಮಗುವಿನ ನಾಲಗೆ ಪತ್ತೆಮಾಡೀತು?

ಇದೆಲ್ಲದರ ಬದಲಾಗಿ ಮೇಜಿನ ಮುಂದೆ ಕುಳಿತ ಮಗುವಿಗೆ ದೊರೆಯುವುದು ಏನು? ಶುಚಿಯಾದ ಅಡಿಗೆಮನೆಯಲ್ಲಿ, ಒಳ್ಳೆಯ ಸಾಮಾನಿನಿಂದ, ಮೂರು ನಾಲ್ಕು ಮಂದಿಗೆ ಸಾಲುವಷ್ಟು ಮಾತ್ರ ಮಾಡಿದ ಅಡಿಗೆ. ಅದನ್ನು ಪ್ರೀತಿಯಿಂದ ತಂದಿಡುವ ಹಿರಿಯರು. ಬೇಡವೆನಿಸಿದ ಕ್ಷಣದಲ್ಲಿ ಚಮಚವನ್ನು ಕೆಳಗಿಡುವ ಸ್ವಾತಂತ್ರ್ಯ. ಆಮೇಲೆ ಮನೆಗೆ ಹೋಗಿ ತಾಯಿಯ ಕೈಯಲ್ಲಿ ಉಣ್ಣುವ ನಿಶ್ಚಯ. ತಿನ್ನುವವನು ಯಾವಾಗ ಬೇಕಾದರೂ ಎದ್ದುಹೋಗಬಹುದಾದ ಊಟವನ್ನು ಸೆರೆಮನೆಯ ಊಟವೆಂದು ಕರೆಯುವುದು ಸತ್ಯಕ್ಕೆ ಅಪಚಾರ.

ಹೀಗೆ ಹೇಳಿದರೆ ಭಾವನೆಯ ಮಾತಾಯಿತೆಂದು ಕೆಲವರು ತಳ್ಳಿಹಾಕಬಹುದು. ಆದ್ದರಿಂದ ನ್ಯಾಯಾಲಯಗಳ ದಾಖಲೆಯಲ್ಲಿರುವ ಕೆಲವು ಸಂಗತಿಗಳನ್ನೇ ಎತ್ತಿಕೊಳ್ಳುತ್ತೇನೆ. ಅಮೆರಿಕಾದ ಆರ್ಕನ್ಸಾ ಸಂಸ್ಥಾನದ ಸೆರೆಮನೆಗಳಲ್ಲಿ, ಏಕಾಂತಶಿಕ್ಷೆಗೆ ಗುರಿಯಾದ ಬಂದಿಗಳಿಗೆ 'ಗ್ರೂ' ಎಂಬುದೊಂದನ್ನು ಕೊಡುತ್ತಿದ್ದರು. ಮಾಂಸ, ಆಲೂಗಡ್ಡೆ, ಕೃತಕ ಬೆಣ್ಣೆ, ಸಿಹಿಪಾಕ, ತರಕಾರಿ, ಮೊಟ್ಟೆ, ಮಸಾಲೆ ಎಲ್ಲವನ್ನೂ ಒಟ್ಟಿಗೆ ಅರೆದು ಮುದ್ದೆಮಾಡಿ ತವೆಯಲ್ಲಿ ಬೇಯಿಸಿ ಕತ್ತರಿಸಿದ ತುಂಡುಗಳವು. ಇಡೀ ದಿನಕ್ಕೆ ಸಾವಿರ ಕ್ಯಾಲೊರಿಯೂ ದೊರೆಯದಷ್ಟು ಪ್ರಮಾಣ. 1978ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಹಟ್ಟೊ ಮತ್ತು ಫಿನ್ನಿ ಮೊಕದ್ದಮೆಯಲ್ಲಿ ಇದನ್ನು ಪರಿಶೀಲಿಸಿದಾಗ, ನ್ಯಾಯಮೂರ್ತಿಗಳು ಅದರ ರುಚಿಯನ್ನು ಕೇಳಲಿಲ್ಲ, ಎಷ್ಟು ದಿನ ಎಂದು ಕೇಳಿದರು. ಕೆಲವು ದಿನಗಳ ಮಟ್ಟಿಗೆ ಹೇಗೋ ಸಹಿಸಬಹುದಾದದ್ದು ವಾರಗಳಾದಾಗ, ತಿಂಗಳುಗಳಾದಾಗ ಕ್ರೌರ್ಯವಾಗುತ್ತದೆಂಬುದು ಅವರ ವಿವೇಚನೆಯ ಸಾರ. ಅಂಥ ಏಕಾಂತವಾಸಕ್ಕೆ 30 ದಿನಗಳ ಮಿತಿಯನ್ನು ಕೆಳಗಿನ ನ್ಯಾಯಾಲಯ ವಿಧಿಸಿದ್ದುದನ್ನು ಅವರು ಎತ್ತಿಹಿಡಿದರು. ಕಾಲವೇ ಆ ಆಹಾರದ ವಿಷವಾಗಿದ್ದಿತು. ಒಂದೇ ತುತ್ತಿನಲ್ಲಿ ಕಾಲವನ್ನು ಹೇಗೆ ಸವಿಯುವುದು?

ಅದೇ ಜಾತಿಯ ಇನ್ನೊಂದು ಆಹಾರ 'ನ್ಯೂಟ್ರಾಲೋಫ್' ಎಂಬ ರೊಟ್ಟಿ. ಊಟದ ಪದಾರ್ಥಗಳನ್ನೆಲ್ಲ ಕಲಸಿ ಇಟ್ಟಿಗೆಯಂತೆ ಬೇಯಿಸಿ, ನಡತೆ ಕೆಟ್ಟಿತೆಂದು ಅಧಿಕಾರಿಗಳಿಗೆ ತೋರಿದ ಬಂದಿಗೆ ಹೊತ್ತುಹೊತ್ತಿಗೂ ಅದನ್ನೇ ಕೊಡುವುದು. ಮಕ್ಕಳ ಮುಂದಿಡುವ ತಟ್ಟೆಗಳಲ್ಲಿ ಇದಕ್ಕೆ ವಿಶೇಷ ಗೌರವ. ಮಗು ಒಂದು ಚೂರನ್ನು ಅಗಿದು, ಸಪ್ಪೆಯಾಗಿದೆ ಎನ್ನಬಹುದು, ಪರವಾಗಿಲ್ಲ ಎಂದೂ ಅನ್ನಬಹುದು. ಪರವಾಗಿಲ್ಲ ಎಂದು ಆ ಮಗು ಹೇಳಿದರೆ ಅದರ ಬಾಯಿಂದ ಹೊರಟದ್ದು ಸರ್ಕಾರದ ವಕೀಲರ ವಾದವೇ ಎಂಬುದನ್ನು ವಾಚಕರು ಗಮನಿಸಬೇಕು. ವರ್ಮಾಂಟ್ ಸಂಸ್ಥಾನದ ಅಧಿಕಾರಿಗಳು ನ್ಯಾಯಾಲಯದಲ್ಲಿ ಸಾಧಿಸಲು ಹೊರಟದ್ದು ಇದನ್ನೇ: ಈ ರೊಟ್ಟಿಯಲ್ಲಿ ಪೋಷಕಾಂಶಗಳೆಲ್ಲ ಇವೆ, ಇದು ಆಹಾರ, ಶಿಕ್ಷೆಯಲ್ಲ. 2009ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇದು ಶಿಕ್ಷೆಯೇ ಹೌದು, ವಿಚಾರಣೆಯಿಲ್ಲದೆ ಯಾರಿಗೂ ಇದನ್ನು ವಿಧಿಸತಕ್ಕದ್ದಲ್ಲವೆಂದು ತೀರ್ಮಾನಿಸಿತು. ನ್ಯೂಯಾರ್ಕ್ ಸಂಸ್ಥಾನ 2015ರ ಕೊನೆಯಲ್ಲಿ ಅದನ್ನು ಕೈಬಿಡಲು ಒಪ್ಪಿತು. ನ್ಯಾಯಾಧೀಶರು ವರ್ಷಗಟ್ಟಲೆ ವಾದಗಳನ್ನು ಕೇಳಿ ಬಿಡಿಸಿದ ಗಂಟನ್ನು, ಒಂದು ಚೂರು ಅಗಿಸಿ, ಒಂದು ಮುಖಭಾವವನ್ನು ಚಿತ್ರಿಸಿ, ಮತ್ತೆ ಕಟ್ಟಿಹಾಕುವುದು ಯಾವ ಬಗೆಯ ಶಿಕ್ಷಣ?

ಇನ್ನೊಂದು ಸಂಗತಿಯಂತೂ ನನ್ನ ಮನಸ್ಸನ್ನು ಬಹಳ ಕಾಲ ಕಾಡಿದೆ. ಅಲಬಾಮಾ ಸಂಸ್ಥಾನದಲ್ಲಿ, ಜೈಲಿನ ಊಟಕ್ಕೆಂದು ಸರ್ಕಾರ ಕೊಟ್ಟ ಹಣದಲ್ಲಿ ಉಳಿದದ್ದನ್ನು ಜಿಲ್ಲೆಯ ಷೆರೀಫನು ಸ್ವಂತಕ್ಕೆ ಇಟ್ಟುಕೊಳ್ಳಬಹುದೆಂದು ಅರ್ಥಮಾಡಿಕೊಳ್ಳಲಾಗಿದ್ದ ಒಂದು ಹಳೆಯ ಕಾನೂನಿತ್ತು. ಒಬ್ಬ ಬಂದಿಯ ಒಂದು ದಿನದ ಊಟಕ್ಕೆ ಬರುತ್ತಿದ್ದುದು 1.75 ಡಾಲರು. ಮಾರ್ಗನ್ ಜಿಲ್ಲೆಯ ಷೆರೀಫನು ಮೂರು ವರ್ಷಗಳಲ್ಲಿ ಹೀಗೆ ಉಳಿಸಿಕೊಂಡದ್ದು 2 ಲಕ್ಷ 12 ಸಾವಿರ ಡಾಲರು. ಒಮ್ಮೆ ಒಂದು ಲಾರಿ ತುಂಬ ಕಾರ್ನ್ ಡಾಗ್ ಎಂಬ ತಿಂಡಿ ಅಗ್ಗವಾಗಿ ಸಿಕ್ಕಿತೆಂದು ಬಂದಿಗಳಿಗೆ ವಾರಗಟ್ಟಲೆ ಅದನ್ನೇ ದಿನಕ್ಕೆರಡು ಹೊತ್ತು ಕೊಡಲಾಯಿತು. 2009ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಇದನ್ನು ಕೇಳಿ, ಬಂದಿಗಳಿಗೆ ತಕ್ಕ ಆಹಾರ ಕೊಡಬೇಕೆಂಬ ಹಿಂದಿನ ಆಜ್ಞೆಯನ್ನು ಮೀರಿದ್ದಕ್ಕಾಗಿ ಆ ಷೆರೀಫನನ್ನೇ ಸೆರೆಗೆ ಕಳುಹಿಸಿದರು. ಕಾರ್ನ್ ಡಾಗ್ ಎಂದರೆ ಕೋಲಿಗೆ ಚುಚ್ಚಿದ ಮಾಂಸದ ತುಂಡಿಗೆ ಮೆಕ್ಕೆಜೋಳದ ಹಿಟ್ಟು ಮೆತ್ತಿ ಎಣ್ಣೆಯಲ್ಲಿ ಕರಿದದ್ದು. ಆ ದೇಶದ ಜಾತ್ರೆ ಸಂತೆಗಳಲ್ಲಿ ಮಕ್ಕಳು ಹಟಮಾಡಿ ಕೊಡಿಸಿಕೊಳ್ಳುವ ತಿಂಡಿ. ಅದನ್ನು ಈ ಮೇಜಿನ ಮೇಲಿಟ್ಟರೆ ಮಕ್ಕಳು ಎಲ್ಲ ದೇಶಗಳ ತಟ್ಟೆಗಳಿಗಿಂತ ಅದಕ್ಕೇ ಹೆಚ್ಚು ಅಂಕ ಕೊಟ್ಟಾರು. ಒಬ್ಬ ಅಧಿಕಾರಿಯನ್ನು ಸೆರೆಗೆ ನೂಕಿದ ಅನ್ನ ಮಕ್ಕಳ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದೀತು. ಅನ್ಯಾಯವಿದ್ದದ್ದು ಲೆಕ್ಕದ ಪುಸ್ತಕದಲ್ಲಿ. ನಾಲಗೆಗೆ ಲೆಕ್ಕದ ಪುಸ್ತಕ ಓದಲು ಬರುವುದಿಲ್ಲ. 2019ರಲ್ಲಿ ಆ ಕಾನೂನು ಬದಲಾದದ್ದು ಲೆಕ್ಕವನ್ನು ಓದಬಲ್ಲವರು ಓದಿದ್ದರಿಂದ.

ಲೆಕ್ಕ ಹೇಗೋ ಹಾಗೆಯೇ ಭೇದಭಾವವೂ ರುಚಿಗೆ ಅಗೋಚರ. 1908ರಲ್ಲಿ ಗಾಂಧಿಯವರು ಮೊದಲ ಬಾರಿಗೆ ಸೆರೆವಾಸ ಅನುಭವಿಸಿದ ಜೊಹಾನ್ಸ್‌ಬರ್ಗಿನ ಜೈಲಿನಲ್ಲಿ ಭಾರತೀಯರಿಗೆ ಅಭ್ಯಾಸವಿಲ್ಲದ ಮೆಕ್ಕೆಜೋಳದ ಗಂಜಿಯೂ ಬಿಳಿಯರಿಗೆ ಬ್ರೆಡ್ಡೂ ಸಲ್ಲುತ್ತಿದ್ದವು. ಅದರ ವಿರುದ್ಧ ಗಾಂಧಿಯವರು ಬರೆದರು. ಅರ್ಧ ಶತಮಾನಕ್ಕೂ ಮೀರಿದ ಮೇಲೆ, ಮಂಡೇಲಾ ಮತ್ತು ಅವರ ಸಹಚರರು 1964ರಲ್ಲಿ ರಾಬೆನ್ ದ್ವೀಪಕ್ಕೆ ಬಂದಾಗ ಅದೇ ನೀತಿ ಇನ್ನಷ್ಟು ಸೂಕ್ಷ್ಮವಾಗಿ ಬೆಳೆದಿತ್ತು: ಒಂದೇ ಅಪರಾಧಕ್ಕೆ, ಒಂದೇ ಶಿಕ್ಷೆಯನ್ನು, ಒಂದೇ ಅಂಗಳದಲ್ಲಿ ಅನುಭವಿಸುತ್ತಿದ್ದವರ ನಡುವೆ, ಭಾರತೀಯ ಮೂಲದವರಿಗೂ ಮಿಶ್ರವರ್ಣದವರಿಗೂ ಬ್ರೆಡ್ಡು ಉಂಟು, ಆಫ್ರಿಕಾದ ಮೂಲನಿವಾಸಿಗೆ ಇಲ್ಲ. ಆ ಬ್ರೆಡ್ಡಿನ ಚೂರೊಂದನ್ನು ಇಂದು ಮಗುವಿನ ಕೈಯಲ್ಲಿಟ್ಟರೆ ಅದು ಹೇಳಬಹುದಾದದ್ದು ಇಷ್ಟೆ: ಒಣಗಿದೆ. ಆ ಒಣ ಬ್ರೆಡ್ಡು ಕೆಲವರ ತಟ್ಟೆಯಲ್ಲಿದ್ದು ಪಕ್ಕದವನ ತಟ್ಟೆಯಲ್ಲಿ ಇಲ್ಲದಿರುವುದೇ ಅಲ್ಲಿ ಶಿಕ್ಷೆಯಾಗಿದ್ದಿತೆಂಬುದು, ಎರಡು ತಟ್ಟೆಗಳನ್ನು ಅಕ್ಕಪಕ್ಕದಲ್ಲಿಟ್ಟು ಎರಡು ಮೈಬಣ್ಣಗಳನ್ನು ಹೇಳಿ ವಿವರಿಸಿದ ಹೊರತು ತಿಳಿಯದು. ವಿವರಿಸಿದ ಮೇಲೆ ತಿನ್ನಿಸುವ ಅಗತ್ಯವೂ ಉಳಿಯದು.

ಪರದೇಶದ ದೋಷವನ್ನೇ ಎಣಿಸಿ ಸುಮ್ಮನಾಗುವುದು ನ್ಯಾಯವಲ್ಲ. ನಮ್ಮ ದೇಶದ ಸೆರೆಮನೆಗಳ ಒಲೆ ನಮ್ಮ ಸಮಾಜದ ಒಲೆಯೇ. ಕಂಪನಿಯ ಆಡಳಿತ, ಬಂದಿಗಳು ಬೇರೆಬೇರೆಯಾಗಿ ಬೇಯಿಸಿಕೊಳ್ಳುತ್ತಿದ್ದುದನ್ನು ನಿಲ್ಲಿಸಿ ಸಾಮೂಹಿಕ ಅಡಿಗೆಯನ್ನು ಹೇರಿದಾಗ 1840ರ ದಶಕದಲ್ಲಿ ಬಿಹಾರದ ಜೈಲುಗಳಲ್ಲಿ ದಂಗೆಗಳೆದ್ದವು. ಆ ಗಲಭೆಗೆ ಬೆದರಿದ ಆಡಳಿತ ಮುಂದೆ ಜಾತಿಯೊಡನೆ ರಾಜಿಮಾಡಿಕೊಂಡು, ಯಾರು ಬೇಯಿಸತಕ್ಕದ್ದು ಯಾರು ಗುಡಿಸತಕ್ಕದ್ದು ಎಂಬ ಭೇದವನ್ನು ಜೈಲುಗಳ ಕೈಪಿಡಿಗಳಲ್ಲಿ ಬರೆದಿಟ್ಟಿತು. ಆ ಬರಹ ಸ್ವತಂತ್ರ ಭಾರತದಲ್ಲಿಯೂ ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಉಳಿದುಬಂದು, 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ, ಸರ್ವೋಚ್ಚ ನ್ಯಾಯಾಲಯ ಅದನ್ನು ಸಂವಿಧಾನವಿರೋಧಿಯೆಂದು ಹೊಡೆದುಹಾಕುವವರೆಗೆ ಬದುಕಿತ್ತು. ಭಾರತದ ಜೈಲೂಟವೆಂದು ಬೇಳೆ, ರೊಟ್ಟಿ, ಅನ್ನಗಳನ್ನು ಮಗುವಿನ ಮುಂದಿಟ್ಟು, ಖಾರವಾಯಿತೇ ಎಂದು ಕೇಳುವವರಿಗೆ, ಆ ಬೇಳೆಯನ್ನು ಬೇಯಿಸುವ ಹಕ್ಕು ಯಾರಿಗಿತ್ತು ಯಾರಿಗಿರಲಿಲ್ಲವೆಂಬ ನೂರೈವತ್ತು ವರ್ಷಗಳ ಕಥೆಯ ಒಂದು ಅಗುಳಾದರೂ ಸಿಕ್ಕಿದೆಯೆ?

ನಾರ್ವೆಯ ಮಾತನ್ನೂ ಆಡಿ ಮುಗಿಸುತ್ತೇನೆ, ಏಕೆಂದರೆ ನಮ್ಮ ಹುಡುಗಿಯ ತೀರ್ಪು ಅದರ ಮೇಲೆ ನಿಂತಿದೆ. 2010ರಲ್ಲಿ ತೆರೆದ ಹಾಲ್ಡೆನ್ ಕಾರಾಗೃಹದಲ್ಲಿ ಮೆಚ್ಚತಕ್ಕದ್ದು ತಟ್ಟೆಯಲ್ಲಿರುವ ಮೀನಿಗಿಂತ ಹೆಚ್ಚಾಗಿ, ಆ ಮೀನನ್ನು ಬಂದಿಯೇ ಅಂಗಡಿಯಲ್ಲಿ ಕೊಂಡು, ಬಂದಿಯೇ ಬೇಯಿಸಬಹುದಾದ ಅಡಿಗೆಮನೆ. ಸ್ವಾತಂತ್ರ್ಯವನ್ನು ಕಳೆದುಕೊಂಡದ್ದೇ ಪೂರ್ಣವಾದ ಶಿಕ್ಷೆ, ಅದಕ್ಕೆ ಬೇರೊಂದನ್ನು ಸೇರಿಸುವ ಅಧಿಕಾರ ಯಾರಿಗೂ ಇಲ್ಲ ಎಂಬ ತತ್ತ್ವದ ಮೇಲೆ ಆ ಜೈಲು ನಿಂತಿದೆ. ಇದು ಹೇಳಿಕೊಡಬೇಕಾದ ಪಾಠವೇ ಹೌದು. ಆದರೆ ಅದನ್ನು ತಟ್ಟೆಗೆ ಇಳಿಸಿದೊಡನೆ ಮಗುವಿಗೆ ಕಾಣಿಸುವುದು ಒಳ್ಳೆಯ ಹೋಟೆಲು ಕೆಟ್ಟ ಹೋಟೆಲುಗಳ ತಾರತಮ್ಯವಷ್ಟೆ.

ಈ ತಾರತಮ್ಯದಿಂದ ಹುಟ್ಟುವ ಇನ್ನೊಂದು ಕೆಡುಕು ನನಗೆ ಹೆಚ್ಚು ಭಯಂಕರವಾಗಿ ತೋರುತ್ತದೆ. ಯಾವುದಾದರೂ ತಟ್ಟೆ ರುಚಿಯಾಗಿದ್ದರೆ ಆ ವಿಡಿಯೋವನ್ನು ನೋಡಿದ ದೊಡ್ಡವರು ತಕ್ಷಣ ಆಡುವ ಮಾತು ಯಾವುದೆಂಬುದು ನಮಗೆಲ್ಲ ಗೊತ್ತು: ತಪ್ಪು ಮಾಡಿದವರಿಗೆ ಇಷ್ಟು ಒಳ್ಳೆಯ ಊಟವೇಕೆ? ನಮ್ಮಲ್ಲಿಯೂ ಜೈಲಿಗೆ ಹೋಗುವುದನ್ನು 'ಮುದ್ದೆ ಮುರಿಯುವುದು' ಎಂದು ಹಗುರವಾಗಿ ಆಡುವ ರೂಢಿಯಿದೆ. ಒಳಗಿರುವವನು ಸರ್ಕಾರದ ಖರ್ಚಿನಲ್ಲಿ ಕುಳಿತು ಉಣ್ಣುವವನೆಂಬ ಭಾವ ಆ ನುಡಿಗಟ್ಟಿನ ಬೆನ್ನಿಗಿದೆ. ಒಳಗಿರುವವರು ಯಾರು? 2022ರ ಕೊನೆಯಲ್ಲಿ ಭಾರತದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನೂರರಲ್ಲಿ 75ಕ್ಕೂ ಹೆಚ್ಚು ಜನರ ಅಪರಾಧವನ್ನು ಯಾವ ನ್ಯಾಯಾಲಯವೂ ಆಗಿನ್ನೂ ಸ್ಥಾಪಿಸಿರಲಿಲ್ಲ. ಜಾಮೀನಿಗೆ ಹಣವಿಲ್ಲದೆ, ಹೊಣೆ ನಿಲ್ಲುವವರಿಲ್ಲದೆ ಉಳಿದವರು ಅವರಲ್ಲಿ ಎಷ್ಟೋ ಮಂದಿ. ತಪ್ಪು ಮಾಡಿದವರ ಊಟವೆಂದು ಹೇಳಿ ಮಗುವಿನ ಮುಂದೆ ತಟ್ಟೆಯಿಡುವವರು ಆ ಒಂದು ವಾಕ್ಯದಲ್ಲಿಯೇ ಅಸತ್ಯವನ್ನು ಕಲಿಸಿದರು.

ಸೆರೆಮನೆಯ ಊಟವನ್ನು ವಿನೋದಕ್ಕೆ ಸವಿಯುವುದು ಪರದೇಶದ ಹುಚ್ಚೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ತೆಲಂಗಾಣದ ಸಂಗಾರೆಡ್ಡಿಯಲ್ಲಿ 1796ರಲ್ಲಿ ಕಟ್ಟಿದ ಹಳೆಯ ಜೈಲಿನಲ್ಲಿ, 500 ರೂಪಾಯಿ ಕೊಟ್ಟವರು ಒಂದು ದಿನ ಬಂದಿಗಳಂತೆ ಇದ್ದು ಜೈಲೂಟ ಉಣ್ಣುವ ವ್ಯವಸ್ಥೆಯನ್ನು 2016ರಲ್ಲಿ ಮಾಡಿದರು. 2021ರಲ್ಲಿ ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿಗೂ ಅದೇ 500 ರೂಪಾಯಿಯ ಪ್ರಸ್ತಾವ ಬಂದಿತು. ಸ್ವಾತಂತ್ರ್ಯಹೋರಾಟದಲ್ಲಿ ಕನ್ನಡಿಗರು ಸಾಲುಸಾಲಾಗಿ ಸೆರೆಗೆ ಹೋದ ಆ ಗೋಡೆಗಳ ಒಳಗೆ, ಇಂದಿಗೂ ಬಂದಿಗಳು ದಿನವೆಣಿಸುತ್ತಿರುವಾಗಲೇ, ಅನುಭವವನ್ನು ದಿನದ ಬಾಡಿಗೆಗೆ ಕೊಡುವ ಪ್ರಸ್ತಾವವದು. ಅದೇ ವರ್ಷದ ಗಣರಾಜ್ಯೋತ್ಸವದಂದು ಪುಣೆಯ ಯರವಡಾ ಜೈಲಿನ ಪ್ರವಾಸವನ್ನು ಆರಂಭಿಸಿ ಶಾಲಾಮಕ್ಕಳಿಗೆ 5 ರೂಪಾಯಿ ಶುಲ್ಕವಿಟ್ಟರು. ಈ ಮೂರನೆಯದನ್ನು ನಾನು ಉಳಿದೆರಡರೊಡನೆ ಸೇರಿಸಲಾರೆ. ಗಾಂಧಿಯವರ ಕೋಣೆಯನ್ನು, 1932ರ ಪುಣೆಯ ಒಪ್ಪಂದ ನಡೆದ ಸ್ಥಳವನ್ನು ಮಕ್ಕಳಿಗೆ ತೋರಿಸಿ ಇತಿಹಾಸ ಹೇಳುವುದು ಬೇರೆ, ನೀನೂ ಒಂದು ದಿನದ ಮಟ್ಟಿಗೆ ಬಂದಿಯಾಗು ಎಂದು ಕರೆಯುವುದು ಬೇರೆ. ಮೊದಲನೆಯದರಲ್ಲಿ ಮಗು ಇನ್ನೊಬ್ಬನ ಬಾಳಿನ ಮುಂದೆ ನಿಲ್ಲುತ್ತದೆ; ಎರಡನೆಯದರಲ್ಲಿ ತನ್ನ ಅನುಭವದ ಮುಂದೆಯೇ ನಿಲ್ಲುತ್ತದೆ.

ಹಾಗಾದರೆ ಮಕ್ಕಳಿಗೆ ಸೆರೆಮನೆಯ ವಿಷಯವನ್ನೇ ತಿಳಿಸಬಾರದೆ ಎಂದು ಮಿತ್ರರು ಕೇಳುತ್ತಾರೆ. ತಿಳಿಸಲೇಬೇಕು, ಅವರ ನಾಲಗೆಯನ್ನು ಬಿಟ್ಟು ಬುದ್ಧಿಯನ್ನೂ ಹೃದಯವನ್ನೂ ನಂಬಿ ತಿಳಿಸಬೇಕು. ಒಂಬತ್ತು ವರ್ಷದ ಮಗುವಿಗೆ ಯತೀಂದ್ರನಾಥ ದಾಸರ ಕಥೆ ಅರ್ಥವಾಗುತ್ತದೆ. 1929ರ ಜುಲೈ 13ರಂದು ಲಾಹೋರಿನ ಸೆರೆಮನೆಯಲ್ಲಿ ಆ ತರುಣ ಅನ್ನವನ್ನು ಬಿಟ್ಟ. ಐರೋಪ್ಯ ಬಂದಿಗಳನ್ನು ನಡೆಸಿಕೊಳ್ಳುವಂತೆ ನಮ್ಮವರನ್ನೂ ಮನುಷ್ಯರಂತೆ ನಡೆಸಿಕೊಳ್ಳಿ, ಅವರಿಗೆ ಕೊಡುವಂಥ ಊಟ ಬಟ್ಟೆ ಪುಸ್ತಕಗಳನ್ನು ಕೊಡಿ ಎಂಬುದು ಅವನ ಮತ್ತು ಅವನ ಜೊತೆ ಸೆರೆಯಲ್ಲಿದ್ದ ಸಂಗಾತಿಗಳ ಬೇಡಿಕೆ. ಬಲಾತ್ಕಾರದಿಂದ ಉಣಿಸಲು ಬಂದರು, ಅವನು ಒಪ್ಪಲಿಲ್ಲ. 63ನೆಯ ದಿನ, ಸೆಪ್ಟೆಂಬರ್ 13ರಂದು, ಪ್ರಾಣಬಿಟ್ಟ. ಈ ಕಥೆಯನ್ನು ನಾನು ಆ ರಾತ್ರಿ ನಮ್ಮ ಹುಡುಗಿಗೆ ಹೇಳಿದೆ. ಅವಳು ಕೇಳಿದ ಪ್ರಶ್ನೆ, ಆ ಊಟ ರುಚಿಯಾಗಿರಲಿಲ್ಲವೆ ಎಂಬುದಲ್ಲ, "ಅವರಮ್ಮ ಎಲ್ಲಿದ್ದರು?" ಎಂದು ಕೇಳಿದಳು. ಯಾವ ತಟ್ಟೆಯನ್ನೂ ಮುಂದಿಡದೆಯೇ ಅವಳು ಹಿಡಿದ ದಾರಿ ಸರಿಯಾದದ್ದಾಗಿತ್ತು.

ವಿಶ್ವಸಂಸ್ಥೆ 2015ರಲ್ಲಿ ಪರಿಷ್ಕರಿಸಿ ಮಂಡೇಲಾ ನಿಯಮಗಳೆಂದು ಹೆಸರಿಟ್ಟ ಕಟ್ಟಳೆಗಳಲ್ಲಿ 22ನೆಯದು, ಬಂದಿಗೆ ರೂಢಿಯ ಹೊತ್ತಿನಲ್ಲಿ, ಆರೋಗ್ಯಕ್ಕೂ ಶಕ್ತಿಗೂ ಸಾಲುವ, ಚೆನ್ನಾಗಿ ಬೇಯಿಸಿ ಚೆನ್ನಾಗಿ ಬಡಿಸಿದ ಆಹಾರ ಸಲ್ಲಬೇಕೆನ್ನುತ್ತದೆ. 43ನೆಯದು, ಶಿಕ್ಷೆಗಾಗಿ ಅನ್ನವನ್ನಾಗಲಿ ನೀರನ್ನಾಗಲಿ ಕಡಿಮೆಮಾಡುವುದನ್ನು ನಿಷೇಧಿಸುತ್ತದೆ. ಹೊತ್ತು, ಸಾಲುವಷ್ಟು, ಬಡಿಸುವ ರೀತಿ ಎಂಬ ಈ ಮಾತುಗಳನ್ನು ಶಾಲೆಗಳಲ್ಲಿ ಓದಿಸಿ, ಒಂದೊಂದರ ಅರ್ಥವನ್ನೂ ಮಕ್ಕಳಿಂದ ಕೇಳಿನೋಡಲಿ ಎಂದು ಉಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆ.

ಕೊನೆಯದಾಗಿ ಒಂದು ಸಂಗತಿಯನ್ನು ವಾಚಕರ ಮುಂದಿಡಬೇಕಾಗಿದೆ. ಸೆರೆಮನೆಯ ಊಟವನ್ನು ಉಣ್ಣುವ ಮಕ್ಕಳನ್ನು ಹುಡುಕಿಕೊಂಡು ಯಾವ ಮೇಜಿನ ಬಳಿಗೂ ಹೋಗಬೇಕಾಗಿಲ್ಲ. ತಾಯಿ ಬಂದಿಯಾದಾಗ ಆರು ವರ್ಷದೊಳಗಿನ ಮಗುವನ್ನು ನೋಡಿಕೊಳ್ಳುವವರು ಬೇರೆ ಇಲ್ಲದಿದ್ದರೆ ಅದು ತಾಯಿಯೊಡನೆ ಒಳಗಿರಬಹುದೆಂದೂ, ಆ ಮಗು ಬಂದಿಯಲ್ಲವೆಂದೂ, ಅನ್ನ ಬಟ್ಟೆ ವೈದ್ಯ ವಿದ್ಯೆಗಳು ಅದಕ್ಕೆ ಹಕ್ಕಾಗಿ ಸಲ್ಲಬೇಕೆಂದೂ, ಅದು ಒಳಗೆ ಹುಟ್ಟಿದರೆ ಜನನಪತ್ರದಲ್ಲಿ ಹುಟ್ಟಿದ ಸ್ಥಳ ಜೈಲೆಂದು ಬರೆಯತಕ್ಕದ್ದಲ್ಲವೆಂದೂ ನಮ್ಮ ಸರ್ವೋಚ್ಚ ನ್ಯಾಯಾಲಯ 2006ರ ಏಪ್ರಿಲ್ 13ರಂದು ಆರ್. ಡಿ. ಉಪಾಧ್ಯಾಯ ಮೊಕದ್ದಮೆಯಲ್ಲಿ ವಿಧಿಸಿತು. 2022ರ ಕೊನೆಯ ದಿನ ಭಾರತದ ಕಾರಾಗೃಹಗಳಲ್ಲಿ ತಾಯಂದಿರೊಡನೆ ಹೀಗೆ ಇದ್ದ ಮಕ್ಕಳು 1,764. ಅವರಿಗೆ ಆ ದಿನ ಏನು ಬಡಿಸಿದರೆಂದು ಕೇಳಿರಿ.